ಗಂಟು ಹಾಕಿದ ವೈರು

“ಗುರುಗಳೇ, ಗಂಡನೂ ಸರಿ ಇದ್ದಾನೆ, ಹೆಂಡತಿಯೂ ಸರಿ ಇದ್ದಾಳೆ, ಮನೆ ಮಾತ್ರ ಸರಿ ಇಲ್ಲ. ಇದು ಹೇಗೆ?” ಎಂದು ಹಾಲೇಶ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರ ಮನೆ?”

“ಹೀಗೇ, ಒಬ್ಬರ ಮನೆ.”

“ಯಾರೋ ಒಬ್ಬರ ಮನೆಯ ಚಿಂತೆಗೆ ನಿನ್ನ ಮುಖ ಯಾಕಪ್ಪ ಇಷ್ಟು ಬಾಡಿದೆ? ಸುತ್ತಿ ಬಳಸಬೇಡ. ನನ್ನ ಮನೆ ಅನ್ನು.”

ಹಾಲೇಶ ನೆಲ ನೋಡಿದ. “ನನ್ನ ಮನೆಯೇ. ಮಗಳು ಸಿರಿಗೆ ಏಳು ವರ್ಷ. ನಾನು ಗದರಿದರೆ ಅವಳಮ್ಮ ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಅವಳಮ್ಮ ಗದರಿದರೆ ನಾನು ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ. ಇಬ್ಬರಿಗೂ ಅವಳೆಂದರೆ ಪ್ರಾಣ. ಈಚೆಗೆ ಮಗು ನನ್ನ ಹತ್ತಿರವೂ ಬರುವುದಿಲ್ಲ, ಅಮ್ಮನ ಹತ್ತಿರವೂ ಹೋಗುವುದಿಲ್ಲ. ಅಡುಗೆಮನೆಗೂ ನಡುಮನೆಗೂ ಮಧ್ಯದ ಬಾಗಿಲಲ್ಲಿ ನಿಂತುಬಿಡುತ್ತಾಳೆ. ಊಟಕ್ಕೆ ಕರೆದರೂ ಅಲ್ಲೇ. ತಪ್ಪು ನನ್ನದೋ ನನ್ನ ಹೆಂಡತಿಯದೋ, ನೀವೇ ಹೇಳಿ.”

ಪಕ್ಕದಲ್ಲಿದ್ದ ಇನ್ನಿಬ್ಬರು ಶಿಷ್ಯರು ಬೇರೆ ಕಡೆ ನೋಡಿದರು.

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು.

“ಪಂಚಾಯ್ತಿ ಮಾಡುವುದು ನನಗೆ ಬಾರದ ಕೆಲಸ. ನನಗೆ ಮೈಕ್ ಸೆಟ್ಟಿನ ಒಂದು ಕತೆ ಗೊತ್ತು. ಕೂತುಕೋ.”

ಶಿಷ್ಯರಲ್ಲಿ ಒಬ್ಬ ಕಿಸಕ್ಕನೆ ನಕ್ಕ.

“ನಗು, ನಗು. ಮಠದಲ್ಲಿ ಮೈಕ್ ಸೆಟ್ಟಿನ ಕತೆ ಹೇಳಬಾರದೆಂದು ಯಾವ ಶಾಸ್ತ್ರದಲ್ಲಿದೆ? ನಗುವುದು ಮುಗಿದ ಮೇಲೆ ಹೇಳು, ಶುರು ಮಾಡುತ್ತೇನೆ.”

ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಗುರುಗಳು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಮೈಕ್ ಸೆಟ್ಟಿನವನಿದ್ದ. ಅವನ ಹತ್ತಿರ ಒಂದು ಆಂಪ್ಲಿಫೈಯರ್, ಎದೆಮಟ್ಟದ ಎರಡು ಸ್ಪೀಕರ್ ಬಾಕ್ಸ್. ನಾಮಕರಣವಿರಲಿ, ಮದುವೆಯಿರಲಿ, ಉರುಸಿರಲಿ, ಆ ಊರಿಗೆ ಅವನ ಬಾಕ್ಸೇ ಬರಬೇಕು. ಅವನಿಗೆ ಇಬ್ಬರು ಗಂಡುಮಕ್ಕಳು. ಅವರ ಹೆಸರು ಬೇಡ. ಅಣ್ಣ, ತಮ್ಮ ಎಂದರೆ ಸಾಕು.

ಬಾಕ್ಸಿನಿಂದ ಹೊರಡುವ ವೈರಿನಲ್ಲಿ ಎರಡು ಎಳೆ ಇರುತ್ತವೆ. ಒಂದು ಪ್ಲಸ್, ಒಂದು ಮೈನಸ್. ಈಗಿನ ವೈರಿನಲ್ಲಿ ಒಂದು ಕೆಂಪು, ಒಂದು ಕಪ್ಪು. ಅವನು ತರುತ್ತಿದ್ದ ವೈರಿನಲ್ಲಿ ಎರಡಕ್ಕೂ ಒಂದೇ ಬಣ್ಣ. ಯಾವುದು ಯಾವುದೆಂದು ಗುರುತು ಸಿಗಲಿ ಎಂದು ಅವನು ಒಂದು ಎಳೆಯ ತುದಿಗೆ ಗಂಟು ಹಾಕುತ್ತಿದ್ದ. ಎರಡು ಬಾಕ್ಸಿಗೂ ಅದೇ ಗುರುತು. ಎರಡನ್ನೂ ಅವನೇ ಆಂಪ್ಲಿಫೈಯರಿಗೆ ಜೋಡಿಸುತ್ತಿದ್ದ. ಮಕ್ಕಳು ಪಕ್ಕದಲ್ಲಿ ಕೂತು ನೋಡಬಹುದಿತ್ತು, ಸ್ಕ್ರೂ ಮುಟ್ಟುವ ಹಾಗಿರಲಿಲ್ಲ. ಅಷ್ಟು ಮುಂಗೋಪಿ. ನನ್ನ ಹಾಗೆ ಅಂದುಕೋ.

ಅಪ್ಪ ತೀರಿಕೊಂಡ. ಮೂರೇ ತಿಂಗಳಿಗೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಯಾಕೆ ಬಿಟ್ಟರು ಎಂದು ಕೇಳಬೇಡ, ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಒಂದೊಂದು ಬಾಕ್ಸ್ ಹಂಚಿಕೊಂಡರು. ಆಂಪ್ಲಿಫೈಯರ್ ಅಣ್ಣನಿಗೆ ಹೋಯಿತು, ತಮ್ಮ ಬೇರೆಯದನ್ನು ತಂದುಕೊಂಡ. ಒಂದೇ ಬೀದಿಯಲ್ಲಿ ಎರಡು ಅಂಗಡಿಯಾಯಿತು. ಎರಡರಲ್ಲೂ ಗೋಡೆಗೆ ಅಪ್ಪನದೇ ಫೋಟೋ.

ಹಳೆಯ ವೈರುಗಳನ್ನು ಇಲಿ ಕಡಿದು ಹಾಳುಮಾಡಿತು. ಇಬ್ಬರೂ ತಂತಮ್ಮ ಬಾಕ್ಸಿಗೆ ಹೊಸ ವೈರು ಹಾಕಿದರು. ಅಣ್ಣ ಅಪ್ಪನ ಕೈಯನ್ನು ನೆನಪಿಸಿಕೊಂಡು ಪ್ಲಸ್ಸಿನ ಎಳೆಗೆ ಗಂಟು ಹಾಕಿದ. ತಮ್ಮನೂ ಅದೇ ಕೈಯನ್ನು ನೆನಪಿಸಿಕೊಂಡು ಮೈನಸ್ಸಿನ ಎಳೆಗೆ ಗಂಟು ಹಾಕಿದ. ತನ್ನ ಅಂಗಡಿಯಲ್ಲಿ ತನ್ನ ಗಂಟಿನ ಪ್ರಕಾರ ಜೋಡಿಸಿಕೊಂಡ. ಆರು ವರ್ಷ ಎರಡೂ ಬಾಕ್ಸ್ ಚೆನ್ನಾಗಿ ಹಾಡಿದವು. ಒಬ್ಬರೂ ದೂರು ಹೇಳಲಿಲ್ಲ. ಬಾಕ್ಸ್ ಒಂದೇ ಇದ್ದಾಗ ಗಂಟು ಎಲ್ಲಿದ್ದರೇನು, ಹಾಡುತ್ತದೆ. ತಿಳಿಯಿತಾ? ತಿಳಿಯದಿದ್ದರೆ ಈಗಲೇ ಹೇಳು, ಆಮೇಲೆ ಗೋಣು ಆಡಿಸಬೇಡ.

ಹಾಲೇಶ ತಿಳಿಯಿತೆಂದ.

ಆ ಊರಿನ ಹೊರಗೆ ಕಿವಿ ಕೇಳದ ಮಕ್ಕಳ ಒಂದು ಶಾಲೆ ಇತ್ತು. ಮಕ್ಕಳು ಅಲ್ಲೇ ಉಳಿದು ಕಲಿಯುತ್ತಿದ್ದರು. ದಾಕ್ಷಾಯಣಿ ಎಂಬ ಟೀಚರ್ ಅವರಿಗೆ ಕೋಲಾಟ ಕಲಿಸುತ್ತಿದ್ದಳು. ಹುಬ್ಬೇರಿಸಬೇಡಿ. ನಾನೂ ಮೊದಲು ಹೀಗೇ ಹುಬ್ಬೇರಿಸಿದವನು. ಆಕೆ ಒಂದು ಕೋಣೆಗೆ ಮರದ ಹಲಗೆ ಹಾಸಿದಳು. ಶಾಲೆಯಲ್ಲಿದ್ದ ಚಿಕ್ಕ ಬಾಕ್ಸನ್ನು ಹಲಗೆಯ ಮೇಲೇ ಇಟ್ಟಳು. ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ ಡೊಳ್ಳಿನ ಹಾಡು ಹಾಕಿದಳು. ಡೊಳ್ಳಿನ ಒಂದೊಂದು ಪೆಟ್ಟಿಗೂ ಹಲಗೆ ನಡುಗುತ್ತದೆ. ಆ ನಡುಕ ಅಂಗಾಲಿಗೆ ಹತ್ತುತ್ತದೆ. ಮಕ್ಕಳು ಅದನ್ನು ಹಿಡಿದು ಹೆಜ್ಜೆ ಹಾಕುತ್ತಿದ್ದರು.

ಅವರಲ್ಲಿ ಮುಬೀನಾ ಎಂಬ ಹತ್ತು ವರ್ಷದ ಹುಡುಗಿ. ಶಾಲೆಗೆ ಬಂದ ಹೊಸದರಲ್ಲಿ ಅವಳು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳಂತೆ. ಯಾರು ಮುಟ್ಟಿದರೂ ಕೊಸರಿಕೊಳ್ಳುತ್ತಿದ್ದಳು. ಮೊದಲ ಸಲ ಹಲಗೆ ನಡುಗಿದಾಗ ಅವಳು ತನ್ನ ಪಾದಗಳನ್ನೇ ನೋಡಿದಳು. ಆಮೇಲೆ ನಕ್ಕಳು. ಅವಳು ನಗುತ್ತಾಳೆ ಎಂಬುದೇ ಆ ದಿನದವರೆಗೆ ಟೀಚರಿಗೆ ಗೊತ್ತಿರಲಿಲ್ಲ. ಅಂದಿನಿಂದ ಮುಬೀನಾ ನಡುವೆ ನಿಲ್ಲುವವಳು. ಉಳಿದ ಮಕ್ಕಳು ಅವಳ ಪಾದ ನೋಡಿ ಹೆಜ್ಜೆ ಎತ್ತುತ್ತಿದ್ದರು.

ಅವಳ ಅಪ್ಪ ದಾದಾಪೀರ್. ಪಕ್ಕದ ತಾಲ್ಲೂಕಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಕೆಟ್ಟವನಲ್ಲ, ಪುಕ್ಕಲು. ವಾರ್ಷಿಕೋತ್ಸವಕ್ಕೆ ಎಂಟು ದಿನ ಇರುವಾಗ ಬಂದು, “ಟೀಚರ್, ಮಗಳನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಹಿಂದಿನಿಂದ ಗಾಡಿ ಬಂದರೂ ಅವಳಿಗೆ ಗೊತ್ತಾಗುವುದಿಲ್ಲ. ಇಲ್ಲಿ ಬಿಟ್ಟು ನನಗೆ ಊಟ ಸೇರುವುದಿಲ್ಲ. ಓದು ಇಷ್ಟೇ ಸಾಕು,” ಎಂದ. ಟೀಚರ್ ಎಷ್ಟು ಹೇಳಿದರೂ ಬಗ್ಗಲಿಲ್ಲ. ಕೊನೆಗೆ ಆಕೆ ಕೈ ಮುಗಿದಳು. “ಅವಳು ಕುಣಿಯುವುದನ್ನು ಒಂದು ಸಲ ನೋಡಪ್ಪ. ಆಮೇಲೂ ಕರೆದುಕೊಂಡು ಹೋಗಬೇಕು ಅನ್ನಿಸಿದರೆ ಕರೆದುಕೊಂಡು ಹೋಗು.” ಅವನು ಆಗಲಿ ಎಂದ. ಮುಬೀನಾಗೆ ಇದು ಗೊತ್ತಿತ್ತು. ಅವಳು ಕೈಸನ್ನೆಯಲ್ಲಿ ಟೀಚರನ್ನು ಕೇಳಿದ್ದು ಒಂದೇ ಮಾತು, ಅಪ್ಪ ಮುಂದೆ ಕೂರುತ್ತಾನಾ ಎಂದು.

ವಾರ್ಷಿಕೋತ್ಸವಕ್ಕೆ ಬಯಲಲ್ಲಿ ಹಲಗೆಯ ದೊಡ್ಡ ವೇದಿಕೆ ಕಟ್ಟಿದರು. ಒಂದು ಬಾಕ್ಸಿನ ನಡುಕ ಅದರ ನಡುಮಧ್ಯಕ್ಕೆ ಮುಟ್ಟುತ್ತಿರಲಿಲ್ಲ. ಎರಡು ಬೇಕು, ಎರಡೂ ದೊಡ್ಡವು ಬೇಕು. ಟೀಚರ್ ಅಣ್ಣನ ಅಂಗಡಿಗೆ ಹೋದಳು. ‘ಅವನ ಬಾಕ್ಸ್ ಇರುವ ಕಡೆ ನನ್ನ ಬಾಕ್ಸ್ ಬರುವುದಿಲ್ಲ’ ಎಂದ. ತಮ್ಮನ ಅಂಗಡಿಗೆ ಹೋದಳು. ಅವನದೂ ಅದೇ ಮಾತು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಕೆಗೆ ರೇಗಿತು. ನೀವು ಒಬ್ಬರನ್ನೊಬ್ಬರು ಎಷ್ಟು ಬೈದುಕೊಂಡರೂ ನಮ್ಮ ಮಕ್ಕಳಿಗೆ ತೊಂದರೆಯಿಲ್ಲ, ಬಂದು ಬಾಕ್ಸ್ ಇಡಿ ಎಂದು ಇಬ್ಬರಿಗೂ ಹೇಳಿ ಬಂದಳು. ನಾಚಿಕೆಯಾಯಿತೋ ಏನೋ, ಇಬ್ಬರೂ ಬಂದರು.

ವೇದಿಕೆಯ ಆ ತುದಿಗೊಂದು, ಈ ತುದಿಗೊಂದು ಬಾಕ್ಸ್ ಇಟ್ಟರು. ಆಂಪ್ಲಿಫೈಯರ್ ಅಣ್ಣನದು, ಅಪ್ಪನ ಕಾಲದ್ದು. ತಮ್ಮ ಅದನ್ನು ಮುಟ್ಟಲು ಅಣ್ಣ ಬಿಡುವವನಲ್ಲ, ಬಿಡು ಎಂದು ಕೇಳಲು ತಮ್ಮ ಸಿದ್ಧನಿಲ್ಲ. ತನ್ನ ವೈರಿನ ತುದಿಯನ್ನು ಮೇಜಿನ ಮೇಲೆ ಇಟ್ಟು ಒಂದು ಮಾತೂ ಆಡದೆ ಹೋಗಿ ಆಚೆ ನಿಂತ. ಅಣ್ಣ ಎರಡು ವೈರನ್ನೂ ಕೈಗೆ ತೆಗೆದುಕೊಂಡ. ಎರಡರಲ್ಲೂ ಗಂಟು ಕಂಡಿತು. ಗಂಟಿನ ಎಳೆ ಎರಡನ್ನೂ ಪ್ಲಸ್ಸಿಗೆ ಹಾಕಿ ಸ್ಕ್ರೂ ಬಿಗಿದ. ನನ್ನ ಗಂಟು ಮೈನಸ್ಸಿನದು ಎಂದು ತಮ್ಮ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಿನ್ನ ಗಂಟು ಯಾವುದರದು ಎಂದು ಅಣ್ಣ ಒಂದು ಮಾತು ಕೇಳಿದ್ದರೂ ಆಗುತ್ತಿತ್ತು. ಮಾತೇ ಇಲ್ಲವಲ್ಲ, ಏನು ಮಾಡುತ್ತೀಯ?

ಆ ದಿನ ನಾನೂ ಅತಿಥಿಯಾಗಿ ಮುಂದಿನ ಸಾಲಿನಲ್ಲಿದ್ದೆ. ಶಾಲು ಹೊದಿಸಿ ಕೂರಿಸಿದ್ದರು. ನನ್ನಿಂದ ನಾಲ್ಕು ಕುರ್ಚಿ ಆಚೆ ದಾದಾಪೀರ್. ಮಗಳ ಬಟ್ಟೆಯ ಚೀಲ ಆಗಲೇ ಅವನ ತೊಡೆಯ ಮೇಲಿತ್ತು.

ಮಕ್ಕಳು ಬಂದು ನಿಂತರು. ಹಾಡು ಹಾಕಿದರು. ನನಗೆ ಹಾಡು ಕೇಳಿಸಿತು. ಸ್ವಲ್ಪ ತೆಳ್ಳಗೆ, ಡಬ್ಬಿಯೊಳಗೆ ಹಾಡಿದ ಹಾಗೆ ಇತ್ತು. ನನಗೇನು ಗೊತ್ತು, ದೊಡ್ಡ ರಸಿಕನ ಹಾಗೆ ತಲೆದೂಗಿದೆ. ಸುತ್ತಲಿದ್ದವರೂ ತಲೆದೂಗಿದರು. ಮಕ್ಕಳು ಮಾತ್ರ ನಿಂತಲ್ಲೇ ನಿಂತಿದ್ದರು.

ಮುಬೀನಾ ಕೋಲು ಎತ್ತಿ ಹಿಡಿದು ಕಾದಳು. ಪಾದ ನೋಡಿಕೊಂಡಳು. ಒಂದು ಪಾದವನ್ನು ಸ್ವಲ್ಪ ಸರಿಸಿ ಮತ್ತೆ ಕಾದಳು. ಉಳಿದವರು ಅವಳನ್ನು ನೋಡಿದರು. ಅಣ್ಣ ಸೌಂಡು ಏರಿಸಿದ. ಜನ ಕಿವಿಗೆ ಬೆರಳಿಟ್ಟುಕೊಂಡರು. ಆಗಲೂ ವೇದಿಕೆಯ ನಡುವೆ ಏನೂ ಇಲ್ಲ. ಅವಳ ಕೈ ಸೋತು ಕೋಲು ನಿಧಾನಕ್ಕೆ ಕೆಳಗಿಳಿಯಿತು. ಅಯ್ಯೋ, ಆ ಮುಖವನ್ನು ನಾನು ಇನ್ನೂ ಮರೆತಿಲ್ಲ. ಅವಳು ಅಪ್ಪನನ್ನು ನೋಡಲಿಲ್ಲ, ಅಪ್ಪ ಕೂತಿರುವ ಕಡೆಯನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದಳು.

ದಾದಾಪೀರ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದ. ವೇದಿಕೆಯ ಮೆಟ್ಟಿಲ ಹತ್ತಿರ ಮಕ್ಕಳು ಚಪ್ಪಲಿ ಬಿಟ್ಟಿದ್ದರು. ಮಗಳ ಚಪ್ಪಲಿ ಹುಡುಕಿ ಕೈಗೆತ್ತಿಕೊಂಡ. ಸಿಟ್ಟಿನಿಂದಲ್ಲ. ಇಷ್ಟು ಜನರ ಮುಂದೆ ಮಗಳು ಹಾಗೆ ನಿಂತಿರುವುದನ್ನು ನೋಡಲಾರದೆ.

ಅಷ್ಟರಲ್ಲಿ ಹುಡುಗಿ ಒಂದು ಕೆಲಸ ಮಾಡಿದಳು. ನಡುವಿನಿಂದ ಓಡಿಹೋಗಿ ಅಣ್ಣನ ಬಾಕ್ಸಿನ ಮೇಲೆ ಅಂಗೈ ಇಟ್ಟಳು. ಅದು ಬಡಿಯುತ್ತಿತ್ತು. ತಮ್ಮನ ಬಾಕ್ಸಿನ ಹತ್ತಿರ ಓಡಿದಳು. ಅದೂ ಬಡಿಯುತ್ತಿತ್ತು. ನಡುವಿಗೆ ಬಂದು ನಿಂತರೆ ಏನೂ ಇಲ್ಲ. ಟೀಚರ್ ಕಡೆ ತಿರುಗಿ, ಎರಡನ್ನೂ ಹತ್ತಿರ ತನ್ನಿ ಎಂದು ಸನ್ನೆ ಮಾಡಿದಳು. ಅಣ್ಣ ತನ್ನದನ್ನು ಎಳೆದು ತಂದ, ತಮ್ಮ ತನ್ನದನ್ನು ಎಳೆದು ತಂದ. ಆರು ವರ್ಷದ ಮೇಲೆ ಎರಡು ಬಾಕ್ಸ್ ಒಂದರ ಪಕ್ಕ ಒಂದು ನಿಂತವು. ಅವಳು ಒಂದರ ಸ್ಪೀಕರಿಗೆ ಎಡ ಅಂಗೈ, ಇನ್ನೊಂದಕ್ಕೆ ಬಲ ಅಂಗೈ ಮೆಲ್ಲಗೆ ಆನಿಸಿ ಕಣ್ಣು ಮುಚ್ಚಿದಳು. ಒಂದು ಪೆಟ್ಟು, ಎರಡು ಪೆಟ್ಟು, ಮೂರು ಪೆಟ್ಟು. ಕಣ್ಣು ತೆರೆದು ಎಲ್ಲರ ಕಡೆ ತಿರುಗಿ, ಒಂದು ಕೈಯನ್ನು ಮುಂದಕ್ಕೆ ತಳ್ಳಿ ಇನ್ನೊಂದನ್ನು ಹಿಂದಕ್ಕೆ ಎಳೆದು ತೋರಿಸಿದಳು. ಮತ್ತೆ ಮತ್ತೆ ಹಾಗೇ ತೋರಿಸಿದಳು.

ನಮಗೆ ಯಾರಿಗೂ ಅರ್ಥವಾಗಲಿಲ್ಲ. ಅಣ್ಣತಮ್ಮಂದಿರಿಗೆ ಅರ್ಥವಾಯಿತು. ಇಬ್ಬರ ಮುಖವೂ ಸಣ್ಣಗಾಯಿತು. ಒಂದು ಬಾಕ್ಸ್ ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಇದು ಕೊಟ್ಟದ್ದನ್ನು ಅದು ತಿನ್ನುತ್ತಿದೆ. ನಡುವೆ ನಿಂತ ಹುಡುಗಿಗೆ ಏನೂ ಉಳಿಯುತ್ತಿಲ್ಲ.

ಇಷ್ಟು ಗೊತ್ತಾದ ಮೇಲೆ ಮುಗಿಯಿತಲ್ಲ ಎನ್ನುತ್ತೀಯ. ಎಲ್ಲಿ ಮುಗಿಯಿತು? ಅಣ್ಣ ಹಾಡು ನಿಲ್ಲಿಸಿದ, ವೈರುಗಳನ್ನು ಬಿಚ್ಚಿದ. ಜೇಬಿನಿಂದ ಟಾರ್ಚಿನ ಸೆಲ್ಲು ತೆಗೆದು ಗಂಟಿನ ಎಳೆಯನ್ನು ಅದರ ತಲೆಗೂ ಇನ್ನೊಂದು ಎಳೆಯನ್ನು ಅದರ ಬುಡಕ್ಕೂ ಮುಟ್ಟಿಸಿದ. ಅವನ ಬಾಕ್ಸಿನ ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ಹಾರಿತು. ತಮ್ಮನ ವೈರಿಗೆ ಹಾಗೇ ಮುಟ್ಟಿಸಿದ. ಆ ಬಾಕ್ಸಿನದು ಹಿಂದಕ್ಕೆ ಸರಿಯಿತು. ಮತ್ತೆ ಎರಡನ್ನೂ ಮೊದಲಿನ ಹಾಗೇ ಬಿಗಿದು ತಮ್ಮನ ಕಡೆ ತಿರುಗಿದ.

“ನೋಡಿದೆಯಾ? ಅಪ್ಪ ಗಂಟು ಹಾಕುತ್ತಿದ್ದದ್ದು ಪ್ಲಸ್ಸಿಗೆ. ಬಂದು ನಿನ್ನದನ್ನು ತಿರುಗಿಸಿಕೋ.”

“ಮೈನಸ್ಸಿಗೆ ಹಾಕುತ್ತಿದ್ದ. ನಾನು ಅಪ್ಪನ ಮಗನಲ್ಲವಾ? ನನ್ನ ಕಣ್ಣಾರೆ ನೋಡಿದ್ದೇನೆ. ತಿರುಗಿಸುವುದಾದರೆ ನಿನ್ನದನ್ನು ತಿರುಗಿಸು.”

ಆರು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಇದು. ಇಬ್ಬರ ಕಣ್ಣಲ್ಲೂ ನೀರಿತ್ತು. ಯಾಕೆ ಗೊತ್ತಾ? ತಿರುಗಿಸಿದರೆ, ಅಪ್ಪನ ಕೈ ತನಗೆ ನೆನಪಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅಪ್ಪನಿಂದ ಕಲಿತದ್ದೆಂದು ಇಬ್ಬರ ಹತ್ತಿರವೂ ಉಳಿದದ್ದು ಅದೊಂದೇ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಯಾವುದನ್ನು ತಿರುಗಿಸಿದರೂ ಆಗುತ್ತಿತ್ತು. ಎರಡೂ ಒಟ್ಟಿಗೆ ಮುಂದೆ ಬಂದು ಒಟ್ಟಿಗೆ ಹಿಂದೆ ಹೋದರೆ ಸಾಕು. ಎರಡು ಸ್ಕ್ರೂವಿನ ಕೆಲಸ, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಡ. ಆದರೆ ಅಣ್ಣ ಕದಲಲಿಲ್ಲ, ತಮ್ಮ ಕದಲಲಿಲ್ಲ.

ದಾದಾಪೀರ್ ಮೆಟ್ಟಿಲ ಕೆಳಗೆ ನಿಂತು ಚಪ್ಪಲಿ ಎತ್ತಿ ತೋರಿಸಿ, ಬಾ ಮಗಳೇ, ಹೋಗೋಣ ಎಂದು ಕೈಯಾಡಿಸಿದ. ಮುಬೀನಾ ನೋಡಿದಳು. ಹೋಗಲಿಲ್ಲ. ಅಳಲೂ ಇಲ್ಲ. ವೇದಿಕೆಯ ನಡುವೆ ತನ್ನ ಜಾಗಕ್ಕೆ ಹೋಗಿ, ಎರಡು ಪಾದವನ್ನೂ ಜೋಡಿಸಿ, ಅಣ್ಣನನ್ನೂ ತಮ್ಮನನ್ನೂ ನೋಡುತ್ತ ನಿಂತಳು.

ಆಗ ಅವರಲ್ಲಿ ಒಬ್ಬ ಆಂಪ್ಲಿಫೈಯರಿನ ಹತ್ತಿರ ಮಂಡಿಯೂರಿದ. ಒಂದು ಬಾಕ್ಸಿನ ಸ್ಕ್ರೂ ಸಡಿಲಿಸಿ ಎರಡು ಎಳೆಯನ್ನು ಅದಲುಬದಲು ಮಾಡಿದ. ಬಿಗಿಯುವಾಗ ಸ್ಕ್ರೂ ಜಾರಿ ಬಿತ್ತು. ಇನ್ನೊಬ್ಬ ಅದನ್ನು ಹೆಕ್ಕಿ ಕೊಟ್ಟ. ಬಾಕ್ಸುಗಳನ್ನು ಇಬ್ಬರೂ ಸೇರಿ ಎತ್ತಿ ತುದಿಗಳಿಗೆ ಇಟ್ಟರು.

ಹಾಡು ಹಾಕಿದರು. ಡೊಳ್ಳಿನ ಮೊದಲ ಪೆಟ್ಟು ಬಂದು ನನ್ನ ಎದೆಗೆ ಗುದ್ದಿತು. ಇಷ್ಟು ಹೊತ್ತು ಡೊಳ್ಳೇ ಇರಲಿಲ್ಲವೆಂದು ನನಗೆ ಗೊತ್ತಾದದ್ದು ಆಗ. ಮುಬೀನಾಳ ಕಾಲ್ಬೆರಳುಗಳು ಹಲಗೆಯನ್ನು ಅಮುಕಿದವು. ಅವಳು ತಲೆ ಎತ್ತಿದಳು. ಕೋಲು ಎತ್ತಿದಳು. ಮೂರನೇ ಪೆಟ್ಟಿಗೆ ಹೆಜ್ಜೆ ಇಟ್ಟಳು. ಅವಳ ಹಿಂದೆ ಹದಿನಾರು ಮಕ್ಕಳು ಹೆಜ್ಜೆ ಇಟ್ಟರು. ಒಂದು ಕೋಲೂ ತಪ್ಪಲಿಲ್ಲ ಮಾರಾಯ, ಒಂದೂ ತಪ್ಪಲಿಲ್ಲ. ನಾನು ಶಾಲಿನಲ್ಲಿ ಕಣ್ಣು ಒರೆಸಿಕೊಂಡೆ. ನನ್ನನ್ನು ಯಾರು ನೋಡುತ್ತಿದ್ದರು?

ದಾದಾಪೀರ್ ವೇದಿಕೆಯ ಅಂಚಿಗೆ ಬಂದಿದ್ದ. ಒಂದು ಕೈಯಲ್ಲಿ ಚಪ್ಪಲಿ ಹಾಗೇ ಇತ್ತು. ಇನ್ನೊಂದು ಅಂಗೈಯನ್ನು ಹಲಗೆಯ ಮೇಲೆ ಇಟ್ಟ. ಮಗಳಿಗೆ ಸಿಗುತ್ತಿದ್ದ ಡೊಳ್ಳು ಅವನ ಕೈಗೂ ಸಿಕ್ಕಿತು. ಹಾಡು ಮುಗಿಯುವವರೆಗೆ ಕೈ ತೆಗೆಯಲಿಲ್ಲ. ಮುಗಿದ ಮೇಲೆ ಮೆಟ್ಟಿಲ ಹತ್ತಿರ ಹೋಗಿ ಚಪ್ಪಲಿಯನ್ನು ಇದ್ದ ಜಾಗದಲ್ಲೇ ಜೋಡಿಸಿಟ್ಟ. ಬಟ್ಟೆಯ ಚೀಲವನ್ನು ಟೀಚರ್ ಕೈಗೆ ಕೊಟ್ಟ. ಸಂಜೆಯ ಬಸ್ಸಿಗೆ ಅವನೊಬ್ಬನೇ ಹತ್ತಿದ.

ಗುರುಗಳು ಮಾತು ನಿಲ್ಲಿಸಿ ಹತ್ತಿಯ ಕಡೆ ಕೈ ಚಾಚಿದರು. ಮೊದಲು ನಕ್ಕಿದ್ದ ಶಿಷ್ಯ ಮೂಗು ಒರೆಸಿಕೊಳ್ಳುತ್ತಿದ್ದ.

ಹಾಲೇಶ ಮುಂದಕ್ಕೆ ಬಾಗಿದ.

“ಗುರುಗಳೇ, ಮಂಡಿಯೂರಿದ್ದು ಅಣ್ಣನೋ ತಮ್ಮನೋ? ಅವರ ಅಪ್ಪ ನಿಜವಾಗಿ ಗಂಟು ಹಾಕುತ್ತಿದ್ದದ್ದು ಯಾವ ಎಳೆಗೆ?”

ಗುರುಗಳು ಬತ್ತಿಯನ್ನು ಕೆಳಗಿಟ್ಟರು. ಅವನ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದರು.

“ನಿನ್ನ ಮಗಳು ಇನ್ನೂ ಬಾಗಿಲಲ್ಲೇ ನಿಂತಿದ್ದಾಳಲ್ಲೋ, ಹಾಲೇಶ.”